147 ಮಾರುತ್, ಹಾರುವುದು ಒಂದೂ ಇಲ್ಲ: ವಿಮಾನದ ತಳಿಗಳು ಅಳಿಯುವ ಬಗೆ

1959ರ ಬೆಂಗಳೂರು. ಎಚ್ಎಎಲ್ ರನ್‌ವೇಯಿಂದ ಒಂದು ಡಕೋಟಾ ವಿಮಾನ ಮೇಲೇಳುತ್ತದೆ. ಅದರ ಬಾಲಕ್ಕೆ ಹಗ್ಗ, ಹಗ್ಗದ ತುದಿಗೆ ಇನ್ನೊಂದು ವಿಮಾನ. ನೋಡಲು ಫೈಟರ್ ಜೆಟ್ ಥರವೇ ಇದೆ. ಚೂಪು ಮೂಗು, ಹಿಂದಕ್ಕೆ ಬಾಗಿದ ರೆಕ್ಕೆ. ಆದರೆ ಅದಕ್ಕೆ ಎಂಜಿನ್ನೇ ಇಲ್ಲ, ಮೈಯೆಲ್ಲ ಮರ. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಹಗ್ಗ ಕಳಚುತ್ತಾರೆ. ಅದು ಸದ್ದಿಲ್ಲದೆ ತೇಲುತ್ತ ಕೆಳಗೆ ಬರುತ್ತದೆ.

ಅದರ ಹೆಸರು ಎಕ್ಸ್-241. ಮುಂದೆ ಬರಲಿದ್ದ ಎಚ್ಎಫ್-24 ಮಾರುತ್ ಅನ್ನುವ ಜೆಟ್ಟಿನ ಅಳತೆಯಲ್ಲೇ ಮಾಡಿದ ಮರದ ಗ್ಲೈಡರ್. ಈ ಆಕಾರದ ವಿಮಾನ ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತೆ, ಇಳಿಯುವಾಗ ಸರಿಯಾಗಿ ಹಿಡಿತಕ್ಕೆ ಸಿಗುತ್ತಾ ಅಂತ ಮೊದಲೇ ತಿಳಿದುಕೊಳ್ಳುವುದಕ್ಕೆ ಅದನ್ನು ಮಾಡಿದ್ದರು. 78 ಸಲ ಹಾರಿತು. ಬೇಕಾದ ಲೆಕ್ಕ ಸಿಕ್ಕಿತು. ಅಲ್ಲಿಗೆ ಅದರ ಕೆಲಸ ಮುಗಿಯಿತು.

1961ರ ಜೂನ್ 17ರಂದು ಅಸಲಿ ಮಾರುತ್ ಹಾರಿತು. ಹಾರಿಸಿದವರು ವಿಂಗ್ ಕಮಾಂಡರ್ ಸುರಂಜನ್ ದಾಸ್. ನಮ್ಮ ದೇಶದಲ್ಲೇ ರೂಪಿಸಿ ಕಟ್ಟಿದ ಮೊದಲ ಫೈಟರ್ ಜೆಟ್ ಅದು. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ರಾಜಸ್ಥಾನದ ಮರುಭೂಮಿಯ ಮೇಲೆ ಕೆಲಸ ಮಾಡಿದವು. 1990ರ ಹೊತ್ತಿಗೆ ಎಲ್ಲವೂ ನಿವೃತ್ತಿಯಾದವು. ಇವತ್ತು ಜಗತ್ತಿನಲ್ಲಿ ಎಲ್ಲೂ ಒಂದೇ ಒಂದು ಮಾರುತ್ ಹಾರುವುದಿಲ್ಲ. ನೋಡಬೇಕು ಅಂದರೆ ಬೆಂಗಳೂರಿನ ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಹೋಗಬಹುದು. ಅಲ್ಲೊಂದು ನಿಂತಿದೆ.

ಒಂದು ವಿಮಾನದ ತಳಿ ಹೇಗೆ ಇಲ್ಲವಾಗುತ್ತದೆ? ತಳಿ ಅನ್ನುವ ಮಾತನ್ನು ಬೇಕಂತಲೇ ಬಳಸುತ್ತಿದ್ದೇನೆ. ಭತ್ತಕ್ಕೆ, ದನಕ್ಕೆ ಹೇಳುವ ಹಾಗೆ. ಸಾವಿರಾರು ಇದ್ದದ್ದು ನೂರಾಗಿ, ನೂರು ಹತ್ತಾಗಿ, ಒಂದು ದಿನ ಕಡೆಯದೂ ಹೋಗಿರುತ್ತದೆ. ಯಾವುದು ಕಡೆಯದು ಅಂತ ಆಗ ಯಾರಿಗೂ ಗೊತ್ತಿರುವುದಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ಸಿಕ್ಕ ಒಳ್ಳೆಯ ದಾರಿ ಮಾರುತ್ ರೂಪಿಸಿದ ಮನುಷ್ಯನ ಬದುಕು. ಆತ ಕುರ್ಟ್ ಟ್ಯಾಂಕ್, ಜರ್ಮನಿಯವರು. ಬ್ರೆಮೆನ್ ಊರಿನ ಫೋಕೆ-ವುಲ್ಫ್ ಕಂಪನಿಯಲ್ಲಿ ಎರಡನೇ ಮಹಾಯುದ್ಧದ ಹೆಸರಾಂತ ವಿಮಾನಗಳನ್ನು ರೂಪಿಸಿದವರು. ಯುದ್ಧ ಸೋತ ಮೇಲೆ ಅರ್ಜೆಂಟೀನಾಗೆ ಹೋದರು. ಅಲ್ಲಿ ಪೆರೋನ್ ಸರ್ಕಾರ ಬಿದ್ದ ಮೇಲೆ, 1956ರಲ್ಲಿ, ಒಂದು ಸಣ್ಣ ಜರ್ಮನ್ ತಂಡದ ಜೊತೆ ಬೆಂಗಳೂರಿಗೆ ಬಂದರು. ಅವರು ಮಾಡಿದ ಒಂದೊಂದು ವಿಮಾನವೂ ಒಂದೊಂದು ರೀತಿಯಲ್ಲಿ ಕಣ್ಮರೆಯಾಗಿದೆ. ಕೆಲವು ವಾಪಸ್ ಕೂಡ ಬಂದಿವೆ.

ಮೊದಲಿಗೆ ಕಾಂಡೋರ್. ನಾಲ್ಕು ಎಂಜಿನ್ನಿನ ಪ್ರಯಾಣಿಕರ ವಿಮಾನ, ಮೊದಲು ಹಾರಿದ್ದು 1937ರಲ್ಲಿ. ಮಾರನೇ ವರ್ಷ ಬರ್ಲಿನ್‌ನಿಂದ ನ್ಯೂಯಾರ್ಕ್‌ಗೆ ಎಲ್ಲೂ ಇಳಿಯದೆ ಸುಮಾರು 25 ಗಂಟೆಯಲ್ಲಿ ಹೋಗಿ ಮುಟ್ಟಿತು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. ಹಿಟ್ಲರನ ಸ್ವಂತ ವಿಮಾನವೂ ಕಾಂಡೋರ್ ಆಗಿತ್ತು. ಯುದ್ಧ ಬಂದಾಗ ಇದೇ ವಿಮಾನಕ್ಕೆ ಬಾಂಬು ಕಟ್ಟಿ ಅಟ್ಲಾಂಟಿಕ್ ಮೇಲೆ ಹಡಗು ಹುಡುಕಲು ಕಳಿಸಿದರು. ಹಗುರವಾಗಿರಲಿ ಅಂತ ಮಾಡಿದ ಪ್ರಯಾಣಿಕರ ವಿಮಾನದ ಮೇಲೆ ಯುದ್ಧದ ಹೊರೆ ಹೇರಿದರೆ ಏನಾಗುತ್ತೆ? ಇಳಿಯುವಾಗ ಎಷ್ಟೋ ಕಾಂಡೋರ್‌ಗಳ ಬೆನ್ನೇ ಮುರಿಯಿತು. ಸುಮಾರು 270 ತಯಾರಾಗಿದ್ದವು. ಯುದ್ಧ ಮುಗಿದ ಕೆಲವೇ ವರ್ಷಗಳಲ್ಲಿ ಇಡೀ ವಿಮಾನ ಒಂದೂ ಉಳಿಯಲಿಲ್ಲ.

ಅಪಘಾತ, ಯುದ್ಧ ಇವೆಲ್ಲ ವಿಮಾನಗಳನ್ನು ಕೊಲ್ಲುತ್ತವೆ, ನಿಜ. ಆದರೆ ಒಂದು ತಳಿಯನ್ನು ಪೂರ್ತಿ ಅಳಿಸುವುದು ಬಹುತೇಕ ಗುಜರಿ ವ್ಯಾಪಾರ. ವಿಮಾನ ಅಂದರೆ ಒಳ್ಳೆಯ ಅಲ್ಯೂಮಿನಿಯಂ. ಕರಗಿಸಿದರೆ ದುಡ್ಡು. ಹಾಗೇ ಇಟ್ಟುಕೊಂಡರೆ ಜಾಗಕ್ಕೆ ಬಾಡಿಗೆ, ಕಾವಲಿಗೆ ಸಂಬಳ. 1945ರ ನಂತರ ಅಮೆರಿಕದ ಅರಿಝೋನಾದ ಕಿಂಗ್‌ಮನ್ ಅನ್ನುವಲ್ಲಿ 5,000ಕ್ಕೂ ಹೆಚ್ಚು ಯುದ್ಧವಿಮಾನಗಳನ್ನು ಸಾಲಾಗಿ ನಿಲ್ಲಿಸಿದ್ದರು. ಎಷ್ಟೋ ವಿಮಾನಗಳು ಹೊಚ್ಚಹೊಸವು. ಅವುಗಳ ರೆಕ್ಕೆ, ಬಾಲ ಕತ್ತರಿಸಿ ಕುಲುಮೆಗೆ ಹಾಕಿದರು.

ಇದರಲ್ಲಿ ನನ್ನ ಮನಸ್ಸಿಗೆ ಜಾಸ್ತಿ ನಾಟಿದ್ದು ಬ್ರಿಟನ್ನಿನ ಶಾರ್ಟ್ ಸ್ಟರ್ಲಿಂಗ್ ಕಥೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ವಾಯುಪಡೆ ಬಳಸಿದ ಮೊದಲ ನಾಲ್ಕು ಎಂಜಿನ್ನಿನ ದೊಡ್ಡ ಬಾಂಬರ್ ಅದು. 2,300ಕ್ಕೂ ಹೆಚ್ಚು ತಯಾರಾದವು. ಇವತ್ತು ಇಡೀ ಸ್ಟರ್ಲಿಂಗ್ ಒಂದೂ ಇಲ್ಲ. ಅದರ ನಂತರ ಬಂದ ಲ್ಯಾಂಕಾಸ್ಟರ್ ಜನರ ಕಣ್ಮಣಿಯಾಯಿತು. ಅದರಲ್ಲಿ ಎರಡನ್ನು ಹಾರುವ ಸ್ಥಿತಿಯಲ್ಲೇ ಉಳಿಸಿಕೊಂಡಿದ್ದಾರೆ, ಒಂದು ಬ್ರಿಟನ್‌ನಲ್ಲಿ, ಒಂದು ಕೆನಡಾದಲ್ಲಿ. ಸ್ಟರ್ಲಿಂಗ್‌ಗೆ ಆ ಹೆಸರು ಬರಲಿಲ್ಲ. ಅದರಲ್ಲಿ ಹೋಗಿ ಸತ್ತ ಹುಡುಗರ ಸಂಖ್ಯೆಯೇನೂ ಕಮ್ಮಿ ಇರಲಿಲ್ಲ. ಆದರೂ ಒಂದನ್ನು ಪಕ್ಕಕ್ಕೆ ಎತ್ತಿಡಿ ಅಂತ ಹೇಳಬೇಕಾದ ಹೊತ್ತಿನಲ್ಲಿ ಯಾರೂ ಹೇಳಲಿಲ್ಲ.

ಆ ಹೊತ್ತು ತುಂಬಾ ಚಿಕ್ಕದು. ವಿಮಾನ ಹೊಸದಾಗಿದ್ದಾಗ ಎಲ್ಲರಿಗೂ ಬೇಕು. ಐವತ್ತು ವರ್ಷ ಹಳೆಯದಾದರೆ ಮತ್ತೆ ಎಲ್ಲರಿಗೂ ಬೇಕು. ನಡುವೆ ಒಂದು ಹತ್ತು ಹದಿನೈದು ವರ್ಷ ಇರುತ್ತದಲ್ಲ, ಆಗ ಅದು ಬರೀ ಹಳೇ ಸಾಮಾನು. ನಮ್ಮ ಮನೆಗಳಲ್ಲಿ ಅಜ್ಜಿಯ ಒನಕೆ, ಬೀಸುವ ಕಲ್ಲು ಹೋಗಿದ್ದು ಹೀಗೇ ಅಲ್ವಾ? ಮಿಕ್ಸಿ ಬಂದ ಹೊಸದರಲ್ಲಿ ಹಿತ್ತಿಲಿಗೆ ಹೋದದ್ದು ವಾಪಸ್ ಒಳಗೆ ಬರಲಿಲ್ಲ.

ಆ ನಡುವಿನ ಹತ್ತು ಹದಿನೈದು ವರ್ಷವನ್ನು ದಾಟಿಸಿದರೆ ತಳಿ ಬದುಕುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ ನಮ್ಮ ಬೆಂಗಳೂರಿನಲ್ಲೇ ಇದೆ.

ಅಮೆರಿಕದ ಬಿ-24 ಲಿಬರೇಟರ್ ಯುದ್ಧಕಾಲದಲ್ಲಿ 18,000ಕ್ಕೂ ಹೆಚ್ಚು ತಯಾರಾದ ಬಾಂಬರ್. ನಾಲ್ಕು ಎಂಜಿನ್, ಸುಮಾರು 33 ಮೀಟರ್ ಉದ್ದದ ರೆಕ್ಕೆ. ಬ್ರಿಟಿಷ್ ವಾಯುಪಡೆ ಇವನ್ನು ಭಾರತದಲ್ಲೂ ಇಟ್ಟುಕೊಂಡಿತ್ತು. ಯುದ್ಧ ಮುಗಿದಾಗ ಹಲವನ್ನು ಕಾನ್ಪುರದಲ್ಲಿ ಬಿಟ್ಟರು. ಸುಮ್ನೆ ಬಿಟ್ಟು ಹೋಗಲಿಲ್ಲ. ಮತ್ತೆ ಯಾರೂ ಹಾರಿಸಬಾರದು ಅಂತ ಬೇಕಂತಲೇ ಹಾಳು ಮಾಡಿ ಬಿಟ್ಟರು.

1948ರಲ್ಲಿ ಹೊಸ ಭಾರತಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಎಚ್ಎಎಲ್‌ನವರು ಕಾನ್ಪುರಕ್ಕೆ ಹೋದರು. ಆ ಗುಜರಿ ರಾಶಿಯಲ್ಲಿ ಇದರ ರೆಕ್ಕೆ, ಅದರ ಬಾಲ, ಇನ್ನೊಂದರ ಎಂಜಿನ್ ಅಂತ ಹುಡುಕಿ, ಒಂದನ್ನು ಬೆಂಗಳೂರಿನವರೆಗೆ ಹಾರುವಷ್ಟು ಸರಿ ಮಾಡಿದರು. ಕಾನ್ಪುರದಿಂದ ಬೆಂಗಳೂರಿಗೆ ಸುಮಾರು 1,500 ಕಿ.ಮೀ. ಅಷ್ಟು ದೂರ ಅಂಥ ವಿಮಾನಗಳನ್ನು ಹಾರಿಸಿಕೊಂಡು ತಂದವರು ಎಚ್ಎಎಲ್‌ನ ಪರೀಕ್ಷಾ ಪೈಲಟ್ ಜಮ್‌ಷೆಡ್ ಮುನ್ಷಿ. ಒಂದು ಸಲ ಅಲ್ಲ, ಮತ್ತೆ ಮತ್ತೆ. ಇಲ್ಲಿ ಅವನ್ನು ಪೂರ್ತಿ ಬಿಚ್ಚಿ, ಸರಿ ಮಾಡಿ, ವಾಯುಪಡೆಗೆ ಕೊಟ್ಟರು. ಹೀಗೆ ಸುಮಾರು 40 ಲಿಬರೇಟರ್‌ಗಳು ಎದ್ದು ನಿಂತವು.

ಇದೇ ಹೊತ್ತಿಗೆ ಅಮೆರಿಕದಲ್ಲಿ ಲಿಬರೇಟರ್‌ಗಳು ಕುಲುಮೆಯಲ್ಲಿ ಕರಗುತ್ತಿದ್ದವು. ನಮ್ಮವು 1968ರವರೆಗೂ ಹಾರಿದವು. ಅಷ್ಟರಲ್ಲಿ ಜಗತ್ತಿಗೆ ಅದರ ಬೆಲೆ ಮತ್ತೆ ಗೊತ್ತಾಗಿತ್ತು. ಲಂಡನ್ನಿನ ವಾಯುಪಡೆ ಮ್ಯೂಸಿಯಂ, ಕೆನಡಾ, ಅರಿಝೋನಾದ ಪೀಮಾ ಮ್ಯೂಸಿಯಂ ಎಲ್ಲರೂ ಭಾರತದಿಂದಲೇ ಒಂದೊಂದು ತೆಗೆದುಕೊಂಡರು. ಒಂದು ನಮ್ಮ ದೆಹಲಿಯ ಪಾಲಂ ಮ್ಯೂಸಿಯಂನಲ್ಲಿದೆ. ಇನ್ನೊಂದು ಹಲವು ಕೈ ದಾಟಿ ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಸೇರಿತು. ಅವರು ಅದನ್ನು ವರ್ಷಗಟ್ಟಲೆ ದುರಸ್ತಿ ಮಾಡಿ 1989ರಲ್ಲಿ ಮತ್ತೆ ಹಾರಿಸಿದರು. ಅದನ್ನು ತಯಾರಿಸಿದ ದೇಶಕ್ಕೇ ಹಾರುವ ಲಿಬರೇಟರ್ ಬೇಕಾದಾಗ ಅದು ಸಿಕ್ಕಿದ್ದು ಭಾರತದ ಬಳುವಳಿಯಿಂದ. ಈ ಕಥೆಯನ್ನು ನಮ್ಮ ಶಾಲೆ ಮಕ್ಕಳಿಗೆ ಹೇಳಬೇಕು ಅಂತ ನನಗೆ ಯಾವಾಗಲೂ ಅನಿಸುತ್ತದೆ. ಮ್ಯೂಸಿಯಂ ಮಾಡೋಣ ಅಂತ ಯಾರೂ ಹೊರಟಿರಲಿಲ್ಲ. ಬಡ ದೇಶವೊಂದು ಇದ್ದದ್ದನ್ನು ರಿಪೇರಿ ಮಾಡಿ ಬಳಸಿತು, ಅಷ್ಟೇ. ಅದರಿಂದ ಒಂದು ತಳಿ ಉಳಿಯಿತು.

ಮತ್ತೆ ಟ್ಯಾಂಕ್ ಕಡೆಗೆ ಬರೋಣ. ಅವರ ಇನ್ನೊಂದು ವಿಮಾನ ಟಿಎ-154. ಇದು ಹೆಚ್ಚಾಗಿ ಮರದ್ದು. ಅಲ್ಯೂಮಿನಿಯಂ ಕೊರತೆ ಇದ್ದಾಗ ಬ್ರಿಟನ್ನಿನವರು ಮಾಸ್ಕಿಟೊ ಅನ್ನುವ ಮರದ ವಿಮಾನ ಮಾಡಿ ಗೆದ್ದಿದ್ದರು. ಜರ್ಮನಿಯೂ ಅದೇ ದಾರಿ ಹಿಡಿಯಿತು. 1943ರಲ್ಲಿ ಟಿಎ-154 ಹಾರಿತು, ಚೆನ್ನಾಗಿಯೂ ಹಾರಿತು.

ಮರದ ವಿಮಾನದ ಜೀವ ಮರದಲ್ಲಿಲ್ಲ, ಅಂಟಿನಲ್ಲಿದೆ. ತೆಳು ಹಲಗೆಗಳನ್ನು ಪದರ ಪದರವಾಗಿ ಅಂಟಿಸಿ ಮೈ ಮಾಡುತ್ತಾರೆ. ಜರ್ಮನಿಯಲ್ಲಿ ಇದಕ್ಕೆ ಟೇಗೊ ಫಿಲ್ಮ್ ಅನ್ನುವ ಹಾಳೆಯಂಥ ಅಂಟು ಬಳಸುತ್ತಿದ್ದರು. ಅದನ್ನು ಮಾಡುತ್ತಿದ್ದ ವುಪರ್ಟಾಲ್ ಊರಿನ ಕಾರ್ಖಾನೆ ಬಾಂಬ್ ದಾಳಿಯಲ್ಲಿ ಹಾಳಾಯಿತು. ಬದಲಿಗೆ ತಂದ ಅಂಟು ಮರವನ್ನೇ ತಿನ್ನುತ್ತಿತ್ತು. ವಿಮಾನಗಳು ಆಕಾಶದಲ್ಲೇ ಬಿಚ್ಚಿಕೊಂಡವು. 1944ರಲ್ಲಿ ತಯಾರಿಕೆ ನಿಂತಿತು. ಇವತ್ತು ಟಿಎ-154 ಒಂದೂ ಇಲ್ಲ.

ಬ್ರಿಟಿಷರ ಮಾಸ್ಕಿಟೊಗೂ ಅಂಟಿನ ಕಾಟ ತಪ್ಪಲಿಲ್ಲ, ಅದೂ ನಮ್ಮ ನೆಲದಲ್ಲಿ. ಶುರುವಿನ ಮಾಸ್ಕಿಟೊಗಳಲ್ಲಿ ಬಳಸಿದ್ದು ಕೇಸಿನ್ ಅಂಟು, ಅಂದರೆ ಹಾಲಿನಿಂದ ತೆಗೆದದ್ದು. ಆಮೇಲೆ ಕೃತಕ ಅಂಟು ಬಂತು. 1944ರ ಕೊನೆಯಲ್ಲಿ ಭಾರತದಲ್ಲಿದ್ದ ಮಾಸ್ಕಿಟೊಗಳ ರೆಕ್ಕೆಯಲ್ಲಿ ಅಂಟಿಸಿದ ಕೀಲುಗಳು ಬಿಟ್ಟುಕೊಳ್ಳುತ್ತಿರುವುದು ಕಂಡಿತು. ಅವನ್ನು ಹಾರಿಸುವುದನ್ನೇ ನಿಲ್ಲಿಸಿದರು. ನಮ್ಮ ಬಿಸಿಲು, ಮಳೆಗಾಲದ ತೇವ ಕಾರಣವೋ, ಕಾರ್ಖಾನೆಯಲ್ಲಿ ಅಂಟಿಸಿದ ಕೆಲಸ ಸರಿಯಿರಲಿಲ್ಲವೋ ಅನ್ನುವ ವಾದ ಆಗಲೇ ನಡೆದಿತ್ತು. ಮಲೆನಾಡಿನಲ್ಲಿ ಮನೆ ಕಟ್ಟಿದವರಿಗೆ ಪ್ಲೈವುಡ್ ಬಾಗಿಲಿನ ಅವಸ್ಥೆ ಗೊತ್ತು. ಒಂದೆರಡು ಮಳೆಗಾಲಕ್ಕೇ ಅಂಚು ಬಿರಿದು ಪದರ ಏಳುತ್ತದೆ. ಅಂಥದ್ದು ಗಂಟೆಗೆ ಆರುನೂರು ಕಿ.ಮೀ. ವೇಗದಲ್ಲಿ ಆದರೆ ಹೇಗಿರಬೇಕು ಯೋಚಿಸಿ.

ಅದಕ್ಕೇ ಮರದ ವಿಮಾನಗಳು ಲೋಹದವುಗಳಿಗಿಂತ ಬೇಗ ಅಳಿಯುತ್ತವೆ. ಗುಜರಿಯವನು ಬಾರದಿದ್ದರೂ ಅವು ಕೊಳೆಯುತ್ತವೆ. ಆದರೆ ಮರಕ್ಕೆ ಒಂದು ಗುಣ ಇದೆ. ಅಚ್ಚು ಇದ್ದರೆ ಮತ್ತೆ ಮಾಡಬಹುದು. ಕೆನಡಾದ ಒಬ್ಬ ರೈತ ಯುದ್ಧದ ನಂತರ ಒಂದು ಮಾಸ್ಕಿಟೊ ಕೊಂಡು ಹೊಲದಲ್ಲಿ ನಿಲ್ಲಿಸಿದ್ದ. ಅದರ ಮರವೆಲ್ಲ ಕೊಳೆತು ಹೋಯಿತು, ಲೋಹದ ಭಾಗಗಳು ಉಳಿದವು. ನ್ಯೂಝಿಲೆಂಡ್‌ನಲ್ಲಿ ಕೆಲವರು ಮಾಸ್ಕಿಟೊ ಮೈಯ ಅಚ್ಚುಗಳನ್ನು ಹೊಸದಾಗಿ ಕಟ್ಟಿದರು. ಮೈ, ರೆಕ್ಕೆ ಎಲ್ಲ ಹೊಸ ಮರದಲ್ಲಿ ಮಾಡಿ ಹಳೆಯ ಲೋಹದ ಭಾಗ ಜೋಡಿಸಿದರು. 2012ರಲ್ಲಿ ಅದು ಹಾರಿತು. ಅದಕ್ಕೂ ಮೊದಲು ಎಷ್ಟೋ ವರ್ಷ ಜಗತ್ತಿನಲ್ಲಿ ಹಾರುವ ಮಾಸ್ಕಿಟೊ ಒಂದೂ ಇರಲಿಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಮೈಯೂ ಹೊಸದು, ರೆಕ್ಕೆಯೂ ಹೊಸದು. ಇದು ಹಳೆಯ ವಿಮಾನವಾ, ಹೊಸದಾ?

ಊರಿನ ತೇರನ್ನು ನೆನೆಸಿಕೊಳ್ಳಿ. ಒಂದು ವರ್ಷ ಗಾಲಿ ಬದಲಾಗುತ್ತದೆ. ಇನ್ನೊಂದು ವರ್ಷ ಅಚ್ಚುಮರ. ಗೆದ್ದಲು ಹಿಡಿದರೆ ಮೇಲಿನ ತೊಲೆಗಳೂ ಹೋಗುತ್ತವೆ. ನೂರು ವರ್ಷದ ಹಿಂದಿನ ಒಂದು ತುಂಡು ಮರವೂ ಉಳಿದಿರಲಿಕ್ಕಿಲ್ಲ. ಆದರೂ ಊರಿನವರಿಗೆ ಅದು ಅಜ್ಜನ ಕಾಲದ ತೇರೇ. ಯಾಕೆಂದರೆ ಅದನ್ನು ಎಳೆಯುವುದು ಒಂದು ವರ್ಷವೂ ನಿಂತಿಲ್ಲ, ಮಾಡುವ ಆಚಾರಿಯ ಕೈಯಿಂದ ಮಗನ ಕೈಗೆ ವಿದ್ಯೆ ದಾಟಿದೆ. ವಿಮಾನದವರೂ ಸುಮಾರಾಗಿ ಹೀಗೇ ಯೋಚಿಸುತ್ತಾರೆ. ಕಾರ್ಖಾನೆ ಹೊಡೆದ ನಂಬರಿನ ತಗಡು, ಅದರ ಜೊತೆಗೆ ಬಂದ ಅಸಲಿ ಭಾಗಗಳು, ಕೈ ಬದಲಾದ ದಾಖಲೆ ಇವೆಲ್ಲ ಇದ್ದರೆ ಅದು ಅದೇ ವಿಮಾನ. ಇವು ಯಾವುದೂ ಇಲ್ಲದೆ ನಕ್ಷೆ ನೋಡಿ ಹೊಸದಾಗಿ ಕಟ್ಟಿದರೆ ಪ್ರತಿಕೃತಿ. ನಡುವಿನ ಗೆರೆ ಎಲ್ಲಿ ಅನ್ನುವುದರಲ್ಲಿ ಜಗಳ ಇದ್ದೇ ಇದೆ.

ಈ ವ್ಯತ್ಯಾಸವನ್ನು ಟ್ಯಾಂಕ್ ಅವರ ಅತಿ ಹೆಸರಾದ ವಿಮಾನದಲ್ಲೇ ನೋಡಬಹುದು. ಎಫ್‌ಡಬ್ಲ್ಯು-190 ಫೈಟರ್ 20,000ಕ್ಕೂ ಹೆಚ್ಚು ತಯಾರಾಗಿತ್ತು. ಅಷ್ಟಿದ್ದರೂ ಯುದ್ಧದ ನಂತರ ಬಹಳ ಕಾಲ ಆಕಾಶದಲ್ಲಿ ಒಂದೂ ಇರಲಿಲ್ಲ. ಸೋತ ದೇಶದ ವಿಮಾನವನ್ನು ಯಾರು ಇಟ್ಟುಕೊಳ್ಳುತ್ತಾರೆ? 1989ರಲ್ಲಿ ರಷ್ಯಾದ ಲೆನಿನ್‌ಗ್ರಾಡ್ ಹತ್ತಿರದ ಕಾಡಿನಲ್ಲಿ ಒಂದು ಸಿಕ್ಕಿತು. 1943ರ ಜುಲೈನಲ್ಲಿ ಎಂಜಿನ್ ಕೈಕೊಟ್ಟು ಪೈಲಟ್ ಅಲ್ಲೇ ಗಿಡಗಳ ನಡುವೆ ಇಳಿಸಿದ್ದ. ಆಮೇಲೆ ಸುತ್ತ ಮರ ಬೆಳೆಯಿತು. ಮೇಲಿನಿಂದ ಕಾಣದಂತೆ ಕಾಡು ಮುಚ್ಚಿಕೊಂಡಿತು. 46 ವರ್ಷ ಅದು ಅಲ್ಲೇ ತನ್ನ ಚಕ್ರ ಮಡಚಿಕೊಂಡು ಕೂತಿತ್ತು.

ಅದನ್ನು ಮತ್ತೆ ಹಾರಿಸಲು ಎಲ್ಲಕ್ಕಿಂತ ಕಷ್ಟ ಆದದ್ದು ಎಂಜಿನ್. ಬಿಎಂಡಬ್ಲ್ಯು 801, ಹದಿನಾಲ್ಕು ಸಿಲಿಂಡರ್, ಸುಮಾರು 42 ಲೀಟರ್. ಆ ಕಾಲದ ಬೇರೆ ಫೈಟರ್‌ಗಳಲ್ಲಿ ಪೈಲಟ್ ಹಲವು ಹಿಡಿಕೆಗಳನ್ನು ತಾನೇ ನೋಡಿಕೊಳ್ಳಬೇಕಿತ್ತು. ಪೆಟ್ರೋಲ್ ಎಷ್ಟು, ಗಾಳಿ ಎಷ್ಟು, ಪ್ರೊಪೆಲರ್ ಅಲಗಿನ ಕೋನ ಎಷ್ಟು ಎಲ್ಲ ಬೇರೆ ಬೇರೆ. ಈ ಎಂಜಿನ್ನಿನಲ್ಲಿ ಒಂದೇ ಹಿಡಿಕೆ. ಉಳಿದದ್ದನ್ನು ಒಂದು ಪೆಟ್ಟಿಗೆ ತಾನೇ ಲೆಕ್ಕ ಹಾಕಿ ಹೊಂದಿಸುತ್ತಿತ್ತು. ಕಂಪ್ಯೂಟರ್ ಇಲ್ಲ, ಬರೀ ಎಣ್ಣೆ, ಸ್ಪ್ರಿಂಗು, ಕವಾಟಗಳ ಕೈಚಳಕ. ಅಂಥ ಪೆಟ್ಟಿಗೆಯನ್ನು ಬಿಚ್ಚಿ ಜೋಡಿಸಿದ ಮೇಸ್ತ್ರಿಗಳೆಲ್ಲ ಸತ್ತುಹೋದ ಮೇಲೆ ಯಾರನ್ನು ಕೇಳಬೇಕು? ಅಮೆರಿಕದಲ್ಲಿ ವರ್ಷಾನುಗಟ್ಟಲೆ ಕೆಲಸ ಮಾಡಿ 2010ರಲ್ಲಿ ಅದನ್ನು ಹಾರಿಸಿದರು, ಅದೇ ಹಳೆಯ ಮಾದರಿ ಎಂಜಿನ್ನಿನಲ್ಲೇ. ಬೇರೆ ಕಡೆ ಹಾರಿದ ಹೊಸ 190ಗಳೂ ಇವೆ. ಜರ್ಮನಿಯ ಒಂದು ಕಂಪನಿ ಹೊಸದಾಗಿ ಕಟ್ಟಿದ್ದು, ಒಳಗಿರುವುದು ರಷ್ಯನ್ ಮೂಲದ ಎಂಜಿನ್. ಆಕಾರ ಅದೇ. ಸದ್ದು ಬೇರೆ.

ಕಾಂಡೋರ್ ಕಥೆ ಅರ್ಧಕ್ಕೆ ಬಿಟ್ಟಿದ್ದೆ. ನಾರ್ವೆಯ ಟ್ರೋಂಡ್‌ಹೈಮ್ ಹತ್ತಿರ ಸಮುದ್ರದ ಒಂದು ಕೈಯಲ್ಲಿ 1942ರಲ್ಲಿ ಒಂದು ಕಾಂಡೋರ್ ಬಿದ್ದಿತ್ತು. ಸುಮಾರು 60 ಮೀಟರ್ ಆಳದಲ್ಲಿ ಅದು ಇನ್ನೂ ವಿಮಾನದ ಆಕಾರದಲ್ಲೇ ಇದೆ ಅಂತ ಗೊತ್ತಾಯಿತು. 1999ರಲ್ಲಿ ಎತ್ತಿದರು. ನೀರಿನಿಂದ ಮೇಲೆ ಬರುತ್ತಿದ್ದ ಹಾಗೇ ಅದು ತುಂಡು ತುಂಡಾಯಿತು. ಉಪ್ಪುನೀರು ಅಲ್ಯೂಮಿನಿಯಂ ಅನ್ನು ಒಳಗಿನಿಂದ ತಿಂದಿರುತ್ತದೆ. ನೀರು ಸುತ್ತ ಆಧಾರ ಕೊಟ್ಟಿರುವವರೆಗೆ ಆಕಾರ ನಿಲ್ಲುತ್ತದೆ, ಗಾಳಿಗೆ ಬಂದ ಕೂಡಲೇ ತನ್ನ ಭಾರವೇ ತನಗೆ ತಡೆಯುವುದಿಲ್ಲ. ಅಷ್ಟು ವರ್ಷ ಕಾದು ಎತ್ತಿದ ಜನರ ಎದೆ ಆ ಕ್ಷಣದಲ್ಲಿ ಏನಾಗಿರಬೇಡ.

ಅವರು ಕೈಬಿಡಲಿಲ್ಲ. ಚೂರುಗಳನ್ನು ಬ್ರೆಮೆನ್ನಿಗೆ ಒಯ್ದರು, ಟ್ಯಾಂಕ್ ಅದನ್ನು ರೂಪಿಸಿದ ಅದೇ ಊರಿಗೆ. ಬೇರೆ ಬೇರೆ ಕಡೆ ಬಿದ್ದಿದ್ದ ಕಾಂಡೋರ್ ಅವಶೇಷಗಳಿಂದ ಭಾಗಗಳನ್ನು ತಂದು ಸೇರಿಸಿದರು. ನಿವೃತ್ತ ಕೆಲಸಗಾರರು ಸಂಬಳ ಇಲ್ಲದೆ ಬಂದು ತಗಡು ತಟ್ಟಿದರು. ಎರಡು ದಶಕ ಹಿಡಿಯಿತು. 2021ರಲ್ಲಿ ಅದು ಬರ್ಲಿನ್ ತಲುಪಿತು. ಹಾರುವುದಿಲ್ಲ, ಆದರೆ ಇಡೀ ವಿಮಾನವಾಗಿ ನಿಂತಿದೆ. ಜಗತ್ತಿನಲ್ಲಿ ಅದೊಂದೇ.

ಹಾಗಾದರೆ ಪೂರ್ತಿ ಇರುವ, ಒಂದು ಚೂರೂ ಕಳೆದುಹೋಗದ ವಿಮಾನ ಯಾಕೆ ಹಾರಬಾರದು? ಮಾರುತ್ ವಿಷಯದಲ್ಲಿ ನನ್ನನ್ನು ಬಹಳ ಜನ ಕೇಳಿದ್ದು ಇದನ್ನೇ. ಮ್ಯೂಸಿಯಂ ಮುಂದೆ ಇದೆಯಲ್ಲ, ಪೆಟ್ರೋಲ್ ಹಾಕಿ ಎಬ್ಬಿಸಬಾರದಾ?

ಒಂದು ತಂತಿ ತೆಗೆದುಕೊಂಡು ಆ ಕಡೆ ಈ ಕಡೆ ಬಾಗಿಸುತ್ತ ಹೋಗಿ. ಹತ್ತು ಸಲಕ್ಕೆ ಏನೂ ಆಗುವುದಿಲ್ಲ. ಇಪ್ಪತ್ತು, ಮೂವತ್ತು ಆಗುತ್ತಿದ್ದ ಹಾಗೆ ಪಟ್ ಅಂತ ಮುರಿಯುತ್ತದೆ. ಹಾರುವಾಗ ವಿಮಾನದ ರೆಕ್ಕೆಯೂ ಹೀಗೇ ಬಾಗುತ್ತ ಇರುತ್ತದೆ, ಕಣ್ಣಿಗೆ ಕಾಣದಷ್ಟು. ಎಷ್ಟು ಗಂಟೆ ಹಾರಿದರೆ ಬಿರುಕು ಶುರುವಾಗುತ್ತದೆ ಅಂತ ಲೆಕ್ಕ ಇರುತ್ತದೆ. ಆ ಗಂಟೆಗಳು ಮುಗಿದ ಮೇಲೆ ಹೊರಗಿನಿಂದ ಎಷ್ಟೇ ಹೊಳೆಯಲಿ, ಅದನ್ನು ನಂಬುವ ಹಾಗಿಲ್ಲ. ಎಜೆಕ್ಷನ್ ಸೀಟಿನ ಅಡಿಯಲ್ಲಿ ಸಿಡಿಮದ್ದು ಇರುತ್ತದೆ. ಮಾತ್ರೆಯ ಸ್ಟ್ರಿಪ್ಪಿನ ಹಾಗೆ ಅದಕ್ಕೂ ಎಕ್ಸ್‌ಪೈರಿ ಇದೆ. ರಬ್ಬರ್ ಸೀಲುಗಳು ಒಣಗಿ ಬಿರಿಯುತ್ತವೆ, ಬ್ರೇಕಿನ ಎಣ್ಣೆ ಸೋರುತ್ತದೆ. ಇದೆಲ್ಲ ಸರಿ ಮಾಡಿದರೂ ಅದನ್ನು ಹಾರಿಸಿ ಅಭ್ಯಾಸ ಇರುವ ಪೈಲಟ್ ಬೇಕು. ಮಾರುತ್ ಹಾರಿಸಿದವರೆಲ್ಲ ಈಗ ಅಜ್ಜಂದಿರು.

ಜನ ಸಾಮಾನ್ಯವಾಗಿ ಮರೆಯುವ ಇನ್ನೊಂದು ಇದೆ. ಈ ವಿಮಾನ ಹಾರಲು ಸುರಕ್ಷಿತ ಅಂತ ಸಹಿ ಹಾಕುವ ಸಂಸ್ಥೆ ಬೇಕು. ಬ್ರಿಟನ್ನಿನ ವಲ್ಕನ್ ಬಾಂಬರ್ ನೋಡಿ. ಜನ ಚಂದಾ ಎತ್ತಿ, ಒಂದನ್ನು ಸರಿ ಮಾಡಿಸಿ, 2007ರಲ್ಲಿ ಮತ್ತೆ ಹಾರಿಸಿದರು. ಎಂಟು ವರ್ಷ ಅದು ಹಾರಿತು. ಅದಕ್ಕೆ ತಾಂತ್ರಿಕ ಜವಾಬ್ದಾರಿ ಹೊತ್ತಿದ್ದ ಮೂರು ಕಂಪನಿಗಳು ಇನ್ನು ಮುಂದೆ ಹೊರುವುದಿಲ್ಲ ಅಂದವು. ಆ ವಿಮಾನದ ಬಗ್ಗೆ ಗೊತ್ತಿದ್ದ ಅನುಭವಿಗಳು ನಿವೃತ್ತರಾಗುತ್ತಿದ್ದರು. 2015ರ ಅಕ್ಟೋಬರ್‌ನಲ್ಲಿ ಅದು ಕಡೆಯ ಸಲ ಇಳಿಯಿತು. ಎಂಜಿನ್ ಇತ್ತು, ರೆಕ್ಕೆ ಇತ್ತು, ದುಡ್ಡು ಕೊಡುವ ಜನ ಇದ್ದರು. ಸಹಿ ಇರಲಿಲ್ಲ.

ಮಾರುತ್‌ಗೆ ಇವೆಲ್ಲದರ ಮೇಲೆ ತನ್ನದೇ ಒಂದು ಕೊರತೆ ಇತ್ತು. ಟ್ಯಾಂಕ್ ಅದನ್ನು ರೂಪಿಸಿದ್ದು ಆರ್ಫಿಯಸ್-12 ಅನ್ನುವ ಬಲವಾದ ಎಂಜಿನ್‌ಗಾಗಿ. ಬ್ರಿಟನ್ನಿನಲ್ಲಿ ಆ ಎಂಜಿನ್ನಿನ ಯೋಜನೆಯೇ ನಿಂತುಹೋಯಿತು. ಕೊನೆಗೆ ಅದಕ್ಕಿಂತ ಕಮ್ಮಿ ಬಲದ ಆರ್ಫಿಯಸ್-703 ಎಂಜಿನ್ ಎರಡನ್ನು ಹಾಕಬೇಕಾಯಿತು. ಶಬ್ದದ ಎರಡು ಪಟ್ಟು ವೇಗಕ್ಕೆ ಅಂತ ಕನಸು ಕಂಡ ವಿಮಾನ ಶಬ್ದದ ವೇಗದ ಅಂಚಿನಲ್ಲೇ ನಿಂತಿತು.

ಬೇರೆ ಎಂಜಿನ್ ಹುಡುಕುತ್ತ ನಮ್ಮವರು ಈಜಿಪ್ಟಿನವರೆಗೂ ಹೋದರು. ಅಲ್ಲಿ ಜರ್ಮನಿಯ ಇನ್ನೊಬ್ಬ ದೊಡ್ಡ ವಿನ್ಯಾಸಕ ಮೆಸರ್‌ಶ್ಮಿಟ್ ಅವರ ತಂಡ ಎಚ್ಎ-300 ಅನ್ನುವ ಫೈಟರ್ ಕಟ್ಟುತ್ತಿತ್ತು. 1964ರ ಮಾರ್ಚ್ 7ರಂದು ಅದನ್ನು ಮೊದಲ ಸಲ ಹಾರಿಸಿದ್ದು ಭಾರತದ ಪರೀಕ್ಷಾ ಪೈಲಟ್ ಕಪಿಲ್ ಭಾರ್ಗವ. ಅದರ ಹೊಸ ಎಂಜಿನ್ ಪರೀಕ್ಷಿಸಲು ಒಂದು ಮಾರುತ್ ಈಜಿಪ್ಟಿಗೆ ಹೋಯಿತು. 1969ರಲ್ಲಿ ಆ ಯೋಜನೆಯೂ ಮುಚ್ಚಿತು. ಈಗ ಜರ್ಮನಿಯ ಮ್ಯೂನಿಕ್ ಹತ್ತಿರದ ಶ್ಲೈಸ್‌ಹೈಮ್ ಮ್ಯೂಸಿಯಂನಲ್ಲಿ ಆ ಎಚ್ಎ-300 ಇದೆ. ಬೆಂಗಳೂರಿನಲ್ಲಿ ಹುಟ್ಟಿದ ಒಂದು ಮಾರುತ್ ಕೂಡ ಅದೇ ಮ್ಯೂಸಿಯಂನಲ್ಲಿದೆ.

ಕಸ್ತೂರಬಾ ರಸ್ತೆಯ ಮಾರುತ್ ನೋಡಲು ಹೋದರೆ ಮೂಗಿನ ಎದುರು ಫೋಟೋ ತೆಗೆಸಿಕೊಂಡು ಬಂದುಬಿಡಬೇಡಿ. ಪಕ್ಕದಿಂದ ಒಂದು ಸುತ್ತು ಬನ್ನಿ. ನಡುವೆ ಸೊಂಟ ಸಣ್ಣಗಾಗಿರುವುದು ಕಾಣುತ್ತದೆ. ಶಬ್ದದ ವೇಗದ ಹತ್ತಿರ ಹೋದಾಗ ಗಾಳಿಯ ತಡೆ ಕಮ್ಮಿಯಾಗಲಿ ಅಂತ ಮಾಡಿದ ಆಕಾರ ಅದು. ಆಮೇಲೆ ಹಿಂದೆ ಹೋಗಿ ಬಾಲದ ಕೆಳಗೆ ನಿಲ್ಲಿ. ಅಕ್ಕಪಕ್ಕ ಎರಡು ಕೊಳವೆ ಬಾಯಿ. ಅಲ್ಲಿಂದ ಹೊರಡುವ ಬೆಂಕಿಗೆ ಇನ್ನಷ್ಟು ಇಂಧನ ಸುರಿದು ಬಲ ಹೆಚ್ಚಿಸುವ ಆಫ್ಟರ್‌ಬರ್ನರ್ ಅಳವಡಿಸಲು ಎಚ್ಎಎಲ್ ಪ್ರಯತ್ನ ಮಾಡಿತ್ತು. ಅಂಥ ಒಂದು ಮಾರುತ್ ಅನ್ನು 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಹಾರಿಸಲು ಹೋಗಿ ಅಪಘಾತದಲ್ಲಿ ತೀರಿಕೊಂಡವರು ಗ್ರೂಪ್ ಕ್ಯಾಪ್ಟನ್ ಸುರಂಜನ್ ದಾಸ್. ಒಂಬತ್ತು ವರ್ಷದ ಹಿಂದೆ ಮೊದಲ ಮಾರುತ್ ಹಾರಿಸಿದ್ದವರು. ಓಲ್ಡ್ ಮದ್ರಾಸ್ ರಸ್ತೆಯಿಂದ ಎಚ್ಎಎಲ್ ಕಡೆಗೆ ದಿನಾ ಸಾವಿರಾರು ಜನ ಹೋಗುವ ರಸ್ತೆಯ ಬೋರ್ಡಿನ ಮೇಲಿರುವುದು ಅವರದೇ ಹೆಸರು.